ಏಳು ತಿಂಗಳು ಮುಟ್ಟದೇ ಇದ್ದ ತಮ್ಮ ಮತ್ತೆ ಯಾಕೆ ಹೋದ? ಇಲಿಗಳ ಮಿದುಳಿನ ಸ್ಟಡಿ ಗೊತ್ತಿರೋರು ದಯವಿಟ್ಟು ಹೇಳಿ

ಮಳೆಹನಿ:
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಬರೀತಿದ್ದೀನಿ, ಪೂರ್ತಿ ಓದಿ. ನನ್ನ ತಮ್ಮನಿಗೆ ಬೆನ್ನಿನ ಆಪರೇಷನ್ ಆದ್ಮೇಲೆ ನೋವಿನ ಮಾತ್ರೆ ಕೊಟ್ಟಿದ್ರು, ಅಲ್ಲಿಂದ ಶುರುವಾಗಿದ್ದು ಹೆರಾಯಿನ್ ತನಕ ಹೋಯ್ತು. ಆಮೇಲೆ ಟ್ರೀಟ್‌ಮೆಂಟ್ ಆಗಿ ಏಳು ತಿಂಗಳು ಮುಟ್ಟಿರ್ಲಿಲ್ಲ. ತೂಕ ಬಂದಿತ್ತು, ನಗ್ತಿದ್ದ, ರಾತ್ರಿ ನಿದ್ದೆ ಬರ್ತಿತ್ತು, ನಾವೆಲ್ಲ ಮುಗೀತು ಅಂದ್ಕೊಂಡ್ವಿ. ಹೋದ ತಿಂಗಳು ಕೆಲಸದ ಕಡೆ ಏನೋ ಜಗಳ ಆಗಿದೆ, ಅದೇ ವಾರ ಹಳೇ ಫ್ರೆಂಡ್ ಒಬ್ಬ ಫೋನ್ ಮಾಡಿದಾನೆ, ಅಷ್ಟೇ, ಮತ್ತೆ ಶುರು. ಮನೇಲಿ ಎಲ್ರೂ ಹೇಳೋದು ಒಂದೇ, ಮನಸ್ಸು ಗಟ್ಟಿ ಇಲ್ಲ ಅವಂದು ಅಂತ. ಅವನೂ ಅದನ್ನೇ ನಂಬ್ಕೊಂಡಿದಾನೆ, ಅದು ನನಗೆ ತಡ್ಕೊಳಕ್ಕಾಗ್ತಿಲ್ಲ.

ಎಲ್ಲೋ ಓದಿದೆ, ಇಲಿಗಳಲ್ಲೂ ಹೀಗೇ ಆಗತ್ತಂತೆ, ಬಿಡ್ಸಿದ ಮೇಲೂ ವಾಪಸ್ ಹೋಗ್ತಾವಂತೆ. ಇಲಿಗೆ ಮನಸ್ಸು ಗಟ್ಟಿ ಮಾಡ್ಕೋ ಅಂತ ಯಾರೂ ಹೇಳಲ್ಲ ಅಲ್ವಾ. ಹಾಗಾದ್ರೆ ಮಿದುಳಲ್ಲಿ ನಿಜವಾಗ್ಲೂ ಏನಾಗತ್ತೆ? ಗೊತ್ತಿರೋರು ಬಿಡಿಸಿ ಹೇಳ್ತೀರಾ? ನಾನು ಸೈನ್ಸ್ ಓದಿದೋಳಲ್ಲ, ಆದ್ರೆ ಅರ್ಥ ಮಾಡ್ಕೋತೀನಿ.

ಹಳೇ_ಲ್ಯಾಬ್‌ಕೋಟು:
ಮಳೆಹನಿ ಅವರೇ, ನಾನು ನಾಲ್ಕು ವರ್ಷ ಇದೇ ತರದ ಇಲಿ ಲ್ಯಾಬಲ್ಲಿ ಕೆಲಸ ಮಾಡಿದೀನಿ, ಗೊತ್ತಿರೋದು ಹೇಳ್ತೀನಿ. ಮೊದ್ಲು ಪ್ರಯೋಗ ಹೇಗೆ ಮಾಡ್ತಾರೆ ಅನ್ನೋದು ಗೊತ್ತಾಗ್ಬೇಕು, ಇಲ್ಲಾಂದ್ರೆ ಕೆಮಿಕಲ್ ಹೆಸರುಗಳೆಲ್ಲ ಗಾಳೀಲಿ ತೇಲ್ತಾವೆ.

ಇಲಿಯ ಕತ್ತಿನ ರಕ್ತನಾಳಕ್ಕೆ ಒಂದು ಸಣ್ಣ ಟ್ಯೂಬ್ ಹಾಕಿರ್ತಾರೆ. ಪೆಟ್ಟಿಗೆ ಒಳಗೆ ಒತ್ತೋಕೆ ಒಂದು ಪಟ್ಟಿ ಇರತ್ತೆ, ಒತ್ತಿದ್ರೆ ಟ್ಯೂಬಲ್ಲಿ ಒಂದು ಚೂರು ಹೆರಾಯಿನ್ ಹೋಗತ್ತೆ, ಜೊತೆಗೆ ಒಂದು ಲೈಟ್ ಹತ್ತತ್ತೆ ಅಥವಾ ಒಂದು ಸೌಂಡ್ ಬರತ್ತೆ. ಓಡಾಡ್ಕೊಂಡಿರೋ ಇಲಿ ತಾನೇ ಒತ್ತಿ ಮಾರ್ಫಿನ್ ತಗೊಳತ್ತೆ ಅಂತ ಜೇಮ್ಸ್ ವೀಕ್ಸ್ 1962ರಲ್ಲೇ ತೋರ್ಸಿದ್ರು. ಯಾರೂ ಬಲವಂತ ಮಾಡಲ್ಲ. ದಿನಾ ಬೆಳಿಗ್ಗೆ ಆ ಟ್ಯೂಬ್ ಕಟ್ಟದ ಹಾಗೆ ತೊಳೆಯೋದು ನನ್ನ ಕೆಲಸ ಆಗಿತ್ತು. ಒಂದು ದಿನ ತಪ್ಪಿದ್ರೂ ರಕ್ತ ಹೆಪ್ಪುಗಟ್ಟಿ ಆ ಇಲಿಯ ವಾರಗಟ್ಲೆ ಡೇಟಾ ಹೋಗ್ತಿತ್ತು.

ಕೆಲವು ವಾರ ಆದ್ಮೇಲೆ ಹೆರಾಯಿನ್ ನಿಲ್ಲಿಸ್ತಾರೆ. ಪಟ್ಟಿ ಒತ್ತಿದ್ರೆ ಏನೂ ಬರಲ್ಲ. ಮೊದಲ ದಿನ ಇಲಿ ಹುಚ್ಚು ಹಿಡಿದಂಗೆ ಒತ್ತತ್ತೆ, ಆಮೇಲೆ ದಿನಾ ಕಡ್ಮೆ ಆಗ್ತಾ ಹೋಗಿ ಕೊನೆಗೆ ಸುಮ್ನೆ ಮೂಲೇಲಿ ಮೈ ನೆಕ್ಕೊಂಡು ಕೂತಿರತ್ತೆ. ಇದಕ್ಕೆ ಎಕ್ಸ್‌ಟಿಂಕ್ಷನ್ ಅಂತಾರೆ. ನೋಡೋರಿಗೆ, ಬಿಟ್ಬಿಡ್ತು ಅನ್ಸತ್ತೆ, ನೀವು ಏಳು ತಿಂಗಳು ಅಂದ್ಕೊಂಡ ಹಾಗೇನೇ. ಆದ್ರೆ ಅಳಿಸಿ ಹೋಗಿರಲ್ಲ ಅದು. ಹಳೇ ಪಾಠ ಹಾಗೇ ಇರತ್ತೆ, ಅದರ ಮೇಲೆ 'ಈಗ ಒತ್ತಿದ್ರೆ ಏನೂ ಸಿಗಲ್ಲ' ಅನ್ನೋ ಹೊಸ ಪಾಠ ಕೂತಿರತ್ತೆ ಅಷ್ಟೇ.

ಈಗ ಮುಖ್ಯ ವಿಷಯ. ಆ ಸುಮ್ನೆ ಕೂತಿರೋ ಇಲಿ ಮತ್ತೆ ಪಟ್ಟಿ ಹತ್ರ ಹೋಗೋ ಹಾಗೆ ಮಾಡೋಕೆ ಮೂರು ದಾರಿ ಇದೆ. ಒಂದು, ಅದೇ ಡ್ರಗ್ಗನ್ನ ಒಂಚೂರು ನಾವೇ ಕೊಡೋದು, ಇದನ್ನ 80ರ ದಶಕದ ಶುರುವಲ್ಲಿ ಡಿ ವಿಟ್ ಮತ್ತು ಜೇನ್ ಸ್ಟೂವರ್ಟ್ ತೋರ್ಸಿದ್ರು. ಎರಡು, ಹಳೇ ಲೈಟು, ಸೌಂಡು, ಇಲ್ಲಾ ಹಳೇ ಪೆಟ್ಟಿಗೆಗೇ ವಾಪಸ್ ಬಿಡೋದು. ಮೂರು, ಸ್ಟ್ರೆಸ್. ಕಾಲಿಗೆ ಸಣ್ಣ ಶಾಕ್ ಕೊಟ್ರೆ ಸಾಕು, ವಾರಗಟ್ಲೆ ಹೆರಾಯಿನ್ ನೋಡಿರದ ಇಲಿ ಹೋಗಿ ಒತ್ತೋಕೆ ಶುರು ಮಾಡತ್ತೆ, ಇದು 1995ರಲ್ಲಿ ಯಾವಿನ್ ಶಹಾಮ್ ಮತ್ತು ಸ್ಟೂವರ್ಟ್ ಬರೆದಿದ್ದು. ಒತ್ತಿದ್ರೂ ಏನೂ ಸಿಗ್ತಿಲ್ಲ ಅನ್ನೋದನ್ನ ಗಮನಿಸಿ, ಆದ್ರೂ ಒತ್ತತ್ತೆ. ನಿಮ್ಮ ತಮ್ಮನ ವಿಷಯದಲ್ಲಿ ಕೆಲಸದ ಜಗಳ ಮೂರನೇ ದಾರಿ, ಹಳೇ ಫ್ರೆಂಡ್ ಫೋನು ಎರಡನೇದು, ಎರಡೂ ಒಂದೇ ವಾರ ಬಂದಿದಾವೆ.

ಕೇಳುಗ22:
ಸಾರ್ ಒಂದು ಡೌಟ್. ನಾನು ಇಷ್ಟು ದಿನ ಅಂದ್ಕೊಂಡಿದ್ದು ವಿತ್‌ಡ್ರಾವಲ್ ತಡ್ಕೊಳಕ್ಕಾಗ್ದೆ ವಾಪಸ್ ಹೋಗ್ತಾರೆ ಅಂತ. ಮೈ ನಡುಕ, ವಾಂತಿ, ಬೆವರು, ನಿದ್ದೆ ಇಲ್ಲದೇ ಇರೋದು. ಅದು ಒಂದೆರಡು ವಾರದಲ್ಲಿ ಮುಗಿಯತ್ತಲ್ಲ, ಮತ್ತೆ ಏಳು ತಿಂಗಳಿಗೆ ಯಾಕೆ?

ಹಳೇ_ಲ್ಯಾಬ್‌ಕೋಟು:
ಒಳ್ಳೆ ಪ್ರಶ್ನೆ ಕೇಳುಗ22, ಎಲ್ರೂ ಇಲ್ಲೇ ಎಡವೋದು. ಮೊದಲ ವಾರಗಳಲ್ಲಿ ವಾಪಸ್ ಹೋಗೋದಕ್ಕೆ ವಿತ್‌ಡ್ರಾವಲ್ ದೊಡ್ಡ ಕಾರಣ ಹೌದು. ಆದ್ರೆ ಶಹಾಮ್ ಅವರ ಇಲಿಗಳಲ್ಲಿ ವಿತ್‌ಡ್ರಾವಲ್ ಮುಗಿದು ವಾರಗಳಾದ ಮೇಲೂ ಶಾಕ್ ಕೊಟ್ರೆ ಹಂಬಲ ವಾಪಸ್ ಬಂತು. ಆ ಪೇಪರಿನ ಹೆಸರಲ್ಲೇ ಅದಿದೆ, ಸ್ಟ್ರೆಸ್ ಮಾಡೋ ಕೆಲಸ ಹೆರಾಯಿನ್ ಮಾಡೋ ಕೆಲಸದ ತರ ಇದೆ, ವಿತ್‌ಡ್ರಾವಲ್ ತರ ಅಲ್ಲ ಅಂತ. ಮೈ ಹುಷಾರಾಗೋದು ಬೇರೆ ಲೆಕ್ಕ, ಮಿದುಳು ಹುಷಾರಾಗೋದು ಬೇರೆ ಲೆಕ್ಕ.

ಇನ್ನು ಕೆಮಿಸ್ಟ್ರಿಗೆ ಬರೋಣ. ಮಿದುಳಿನ ತಳಭಾಗದಲ್ಲಿ ವಿಟಿಎ ಅಂತ ಒಂದು ಸಣ್ಣ ಜಾಗ ಇದೆ, ಡೋಪಮೈನ್ ಬಿಡೋ, ಅಂದ್ರೆ ಬೇಕು ಅನ್ನೋ ಸೆಳೆತ ಹುಟ್ಟಿಸೋ ಕೆಮಿಕಲ್ ಬಿಡೋ ನರಕೋಶಗಳು ಅಲ್ಲಿರ್ತಾವೆ. ಅವುಗಳ ಪಕ್ಕದಲ್ಲಿ ಗಾಬಾ ಅನ್ನೋ ಕೆಮಿಕಲ್ ಬಿಡೋ ಕೋಶಗಳು ಇದ್ದು, ಸದಾ ಬ್ರೇಕ್ ಒತ್ಕೊಂಡಿರ್ತಾವೆ. ಹೆರಾಯಿನ್, ಮಾರ್ಫಿನ್ ಎಲ್ಲ ಹೋಗಿ ಕೂರೋದು ಮ್ಯೂ ರಿಸೆಪ್ಟರ್ ಮೇಲೆ (ರಿಸೆಪ್ಟರ್ ಅಂದ್ರೆ ಕೋಶದ ಮೇಲೆ ಕೆಮಿಕಲ್ ಬಂದು ಕೂರೋ ಜಾಗ), ಆ ರಿಸೆಪ್ಟರ್ ಇರೋದು ಈ ಬ್ರೇಕ್ ಒತ್ತೋ ಕೋಶಗಳ ಮೇಲೆ. ಅಂದ್ರೆ ಹೆರಾಯಿನ್ ಬಂದು ಆಕ್ಸಿಲರೇಟರ್ ತುಳಿಯಲ್ಲ, ಬ್ರೇಕ್ ಮೇಲಿರೋ ಕಾಲನ್ನ ಎತ್ತತ್ತೆ. ಜಾನ್ಸನ್ ಮತ್ತು ನಾರ್ತ್ 1992ರಲ್ಲಿ ಇದನ್ನ ತೋರ್ಸಿದ್ರು. ಬ್ರೇಕ್ ಬಿಟ್ಟ ಕೂಡ್ಲೇ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಅನ್ನೋ ಜಾಗಕ್ಕೆ ಡೋಪಮೈನ್ ಹರಿಯತ್ತೆ. ಒಂಚೂರು ಡ್ರಗ್ ಸಿಕ್ಕಿದ್ರೂ ಹಳೇದೆಲ್ಲ ಎದ್ದು ಕೂರೋದಕ್ಕೆ ಈ ದಾರಿ ಒಂದು ಕಾರಣ. ಒಂದೇ ಒಂದು ಸಲ ಅಂತ ತಗೊಂಡೋರಿಗೆ ಆ ಒಂದು ಸಲ ಯಾಕೆ ಅಲ್ಲಿಗೇ ನಿಲ್ಲಲ್ಲ ಅನ್ನೋದಕ್ಕೂ ಇದೇ.

ಆದ್ರೆ ಡೋಪಮೈನ್ ಕಥೆ ಹೇಳಿ ಮುಗಿಸ್ಬಿಡೋರ ಮೇಲೆ ನನಗೆ ಬೇಜಾರಿದೆ. ಏನೂ ತಗೊಳದೇ, ಬರೀ ಲೈಟ್ ನೋಡಿ ಇಲಿ ಓಡತ್ತಲ್ಲ, ಅಲ್ಲಿ ದೊಡ್ಡ ಪಾತ್ರ ಗ್ಲುಟಮೇಟಿಂದು, ನರಕೋಶಗಳನ್ನ ಚುರುಕು ಮಾಡೋ ಕೆಮಿಕಲ್ ಅದು. ಅದನ್ನ ನಾಳೆ ಬರೀತೀನಿ, ಈಗ ಡ್ಯೂಟಿಗೆ ಹೊರಡ್ಬೇಕು.

ಹತ್ತನೇ_ಮೆಟ್ಟಿಲು:
ನಾನು ಬಿಟ್ಟು ಆರು ವರ್ಷ ಆಯ್ತು, ನಡುವೆ ಎರಡು ಸಲ ವಾಪಸ್ ಬಿದ್ದಿದ್ದೆ. ಎರಡನೇ ದಾರಿ ಬಗ್ಗೆ ಹೇಳಿದ್ರಲ್ಲ, ನನಗದು ಒಂದು ಮೆಟ್ಟಿಲಿನ ವಾಸನೆ. ಒದ್ದೆ ಸಿಮೆಂಟು, ಹಳೇ ಪೇಂಟು, ಅಷ್ಟೇ. ಮೊದಲ ಸಲ ಬಿಟ್ಟು ನಾಲ್ಕು ತಿಂಗಳಾಗಿತ್ತು, ಯಾವುದೋ ಬೇರೆ ಕಟ್ಟಡಕ್ಕೆ ಬೇರೆ ಕೆಲಸಕ್ಕೆ ಹೋದಾಗ ಅದೇ ವಾಸನೆ ಬಂತು, ಬಾಯಲ್ಲಿ ನೀರು ಬಂತು, ಹೊಟ್ಟೆ ಒಳಗೆ ತಿರುಗಿದಂಗಾಯ್ತು, ನಾನು ಏನನ್ನೂ ಯೋಚನೆ ಮಾಡಿರ್ಲಿಲ್ಲ ಅದಕ್ಕೂ ಮುಂಚೇನೇ ಕೈ ಫೋನ್ ಹಿಡ್ಕೊಂಡಿತ್ತು. ಜನ ಕೇಳ್ತಾರೆ ಆ ಕ್ಷಣ ನಿನ್ನ ಮನಸ್ಸು ಎಲ್ಲಿತ್ತು ಅಂತ. ಮನಸ್ಸು ಆಮೇಲೆ ಬಂದಿದ್ದು, ಮೈ ಮೊದ್ಲೇ ಹೋಗಾಗಿತ್ತು.

ಮಳೆಹನಿ ಅಕ್ಕ, ನಿಮ್ಮ ತಮ್ಮನಿಗೆ ಇದನ್ನ ಓದಿ ಹೇಳಿ.

ಮಳೆಹನಿ:
ಓದಿ ಹೇಳಿದೆ. ಅವನು ಏನೂ ಮಾತಾಡ್ಲಿಲ್ಲ, ಆದ್ರೆ ಫೋನ್ ನನ್ನ ಕೈಯಿಂದ ಇಸ್ಕೊಂಡು ಇನ್ನೊಂದು ಸಲ ತಾನೇ ಓದ್ದ.

ಹಳೇ_ಲ್ಯಾಬ್‌ಕೋಟು:
ಹತ್ತನೇ ಮೆಟ್ಟಿಲು, ನೀವು ಬರೆದಿದ್ದು ಓದಿ ನಿನ್ನೆ ತುಂಬ ಹೊತ್ತು ಸುಮ್ನೆ ಕೂತಿದ್ದೆ. ಇಲಿಗಳಲ್ಲಿ ನಾವು ಅಳೆಯೋದೂ ಆ ಫೋನ್ ಹಿಡಿದ ಕೈಯನ್ನೇ.

ಗ್ಲುಟಮೇಟ್ ವಿಷಯ. ಮಿದುಳಿನ ಮುಂಭಾಗದಿಂದ, ಅಂದ್ರೆ ಹಣೆ ಹಿಂದಿನ ಪ್ರಿಫ್ರಂಟಲ್ ಭಾಗದಿಂದ, ಅಕ್ಯುಂಬೆನ್ಸ್ ತನಕ ಬರೋ ನರತಂತುಗಳು ಗ್ಲುಟಮೇಟ್ ಬಿಡ್ತಾವೆ. ಪೀಟರ್ ಕಾಲಿವಾಸ್ ಅವರ ಲ್ಯಾಬಲ್ಲಿ 2008ರಲ್ಲಿ ಒಂದು ಪ್ರಯೋಗ ಮಾಡಿದ್ರು, ಹೆರಾಯಿನ್ ಬಿಡ್ಸಿದ ಇಲಿಗೆ ಹಳೇ ಲೈಟು ಸೌಂಡು ತೋರ್ಸಿದಾಗ, ಅಥವಾ ಒಂಚೂರು ಹೆರಾಯಿನ್ ಕೊಟ್ಟಾಗ, ಅಕ್ಯುಂಬೆನ್ಸಿನ ನಡುಭಾಗದಲ್ಲಿ ಗ್ಲುಟಮೇಟ್ ಏರತ್ತೆ. ಅಲ್ಲಿ ಗ್ಲುಟಮೇಟ್ ಸಿಗ್ನಲ್ ತಡೆದ್ರೆ, ಇಲ್ಲಾ ಅದನ್ನ ಕಳಿಸೋ ಮುಂಭಾಗವನ್ನೇ ಸ್ವಲ್ಪ ಹೊತ್ತು ಮಲಗಿಸಿದ್ರೆ, ಇಲಿ ಪಟ್ಟಿ ಹತ್ರ ಹೋಗೋದು ತುಂಬ ಕಡ್ಮೆ ಆಗತ್ತೆ.

ಯಾಕೆ ಅಷ್ಟು ಏರತ್ತೆ ಅಂದ್ರೆ, ನರಕೋಶದ ಪಕ್ಕದಲ್ಲಿರೋ ಗ್ಲಿಯಾ ಕೋಶಗಳಿಗೆ ಚೆಲ್ಲಿದ ಗ್ಲುಟಮೇಟನ್ನ ಹೀರ್ಕೊಂಡು ಕ್ಲೀನ್ ಮಾಡೋ ಕೆಲಸ ಇರತ್ತೆ, ಜಿಎಲ್‌ಟಿ-1 ಅನ್ನೋ ಪಂಪಿಂದ. ದಿನಾ ಹೆರಾಯಿನ್ ತಗೊಂಡ ಇಲಿಗಳಲ್ಲಿ ಈ ಪಂಪು ಕಡ್ಮೆ ಆಗಿರತ್ತೆ. ಚರಂಡಿ ಅರ್ಧ ಕಟ್ಟಿಕೊಂಡ ಬಚ್ಚಲಲ್ಲಿ ಒಂದು ಚೊಂಬು ನೀರು ಸುರಿದ್ರೂ ನೆಲದ ಮೇಲೆಲ್ಲ ನಿಲ್ಲತ್ತಲ್ಲ, ಹಾಗೆ. ಮಾಮೂಲಿ ಮಿದುಳಲ್ಲಿ ಬಂದು ಹೋಗೋ ಸಣ್ಣ ಸಿಗ್ನಲ್ಲು ಇಲ್ಲಿ ಅಕ್ಕಪಕ್ಕದ ರಿಸೆಪ್ಟರ್‌ಗಳ ಮೇಲೆಲ್ಲ ಚೆಲ್ಲಿ ದೊಡ್ಡದಾಗತ್ತೆ. ಹೆರಾಯಿನ್ ದೇಹದಿಂದ ಪೂರ್ತಿ ಹೋದ್ಮೇಲೂ ಈ ಪಂಪು ತಾನಾಗೇ ಸರಿ ಹೋಗ್ಬಿಡಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಮುಖ್ಯ ಸಂಗತಿ ಇದೇ, ಹಂಬಲ ಅನ್ನೋದು ಬರೀ ನೆನಪಲ್ಲ, ನೆನಪು ಓಡಾಡೋ ಜಾಗದ ಕೊಳಾಯಿ ಕೆಲಸ ಕೂಡ ಕೆಟ್ಟಿರತ್ತೆ.

ಅಸಿಟೈಲ್‌ಸಿಸ್ಟೀನ್ ಅನ್ನೋ ಹಳೇ ಔಷಧಿ, ಕಫ ಕರಗಿಸೋಕೆ ಕೊಡೋದು, ಅದನ್ನ ದಿನಾ ಕೊಟ್ಟಾಗ ಇಲಿಗಳಲ್ಲಿ ಹೆರಾಯಿನ್ ಹುಡುಕಾಟ ಕಡ್ಮೆ ಆಯ್ತು, ಔಷಧಿ ನಿಲ್ಲಿಸಿ ವಾರಗಳಾದ್ಮೇಲೂ ಆ ಪರಿಣಾಮ ಉಳೀತು ಅಂತ ಅದೇ ಗುಂಪು ತೋರ್ಸಿದೆ. ಯಾರೂ ಇದನ್ನ ಓದಿ ಅಂಗಡಿಯಿಂದ ತಂದು ನುಂಗೋಕೆ ಹೋಗ್ಬೇಡಿ. ಇಲಿ ಫಲಿತಾಂಶ ಅದು, ಚಿಕಿತ್ಸೆ ಅಲ್ಲ.

ಕೇಳುಗ22:
ಬಚ್ಚಲು ಉದಾಹರಣೆ ಚೆನ್ನಾಗಿ ಅರ್ಥ ಆಯ್ತು ಸಾರ್. ಮತ್ತೆ ಸ್ಟ್ರೆಸ್ ದಾರಿ? ಅದಕ್ಕೂ ಗ್ಲುಟಮೇಟೇನಾ?

ನೈಟ್_ಡ್ಯೂಟಿ:
ಅದನ್ನ ನಾನು ಹೇಳ್ಲಾ, ನಾನು ನರ್ಸು, ಡಿ ಅಡಿಕ್ಷನ್ ವಾರ್ಡಲ್ಲಿ ತುಂಬ ವರ್ಷ ಇದ್ದೀನಿ, ಈ ಒಂದು ದಾರಿ ಬಗ್ಗೆ ಓದ್ಕೊಂಡಿದೀನಿ ಯಾಕಂದ್ರೆ ಕಣ್ಣಾರೆ ನೋಡೋದು ಇದನ್ನೇ ಜಾಸ್ತಿ. ಸ್ಟ್ರೆಸ್ ಆದಾಗ ಮಿದುಳಲ್ಲಿ ಸಿಆರ್‌ಎಫ್ ಅನ್ನೋ ಕೆಮಿಕಲ್ ಬಿಡುಗಡೆ ಆಗತ್ತೆ. ಸ್ಟ್ರೆಸ್ ಹಾರ್ಮೋನ್ ಅಂದ್ರೆ ಎಲ್ರೂ ಕಾರ್ಟಿಸೋಲ್ ಅಂತಾರೆ, ಆದ್ರೆ 1997ರಲ್ಲಿ ಶಹಾಮ್ ಗುಂಪು ಇಲಿಗಳಲ್ಲಿ ನೋಡಿದ್ದು, ಹೆರಾಯಿನ್ ಕಡೆ ವಾಪಸ್ ಎಳೆಯೋದು ರಕ್ತದಲ್ಲಿ ಓಡಾಡೋ ಆ ಹಾರ್ಮೋನ್ ಅಲ್ಲ, ಮಿದುಳೊಳಗಿನ ಸಿಆರ್‌ಎಫ್ ಅಂತ. ಇದರ ಜೊತೆ ಕೆಲಸ ಮಾಡೋ ಇನ್ನೊಂದು ಕೆಮಿಕಲ್ ನಾರ್‌ಅಡ್ರಿನಲಿನ್. ಅದನ್ನ ತಗ್ಗಿಸೋ ಕ್ಲೋನಿಡಿನ್, ಬಿಪಿಗೆ ಕೊಡೋ ಹಳೇ ಮಾತ್ರೆ, ಅದನ್ನ ಕೊಟ್ರೆ ಶಾಕ್ ಆದ್ಮೇಲೂ ಇಲಿ ಪಟ್ಟಿ ಕಡೆ ಹೋಗಲ್ಲ. ಇದು 2000ದಲ್ಲಿ ಬಂದಿದ್ದು. ಆದ್ರೆ ಹೆರಾಯಿನ್ನನ್ನೇ ಒಂಚೂರು ಕೊಟ್ಟಾಗ ಬರೋ ಹಂಬಲ ಬೇರೆ ದಾರೀದು, ಅಲ್ಲಿ ನಾಲ್ಟ್ರೆಕ್ಸೋನ್ ತರ ಮ್ಯೂ ರಿಸೆಪ್ಟರನ್ನೇ ಮುಚ್ಚೋ ಔಷಧಿ ಬೇಕು. ಬಾಗಿಲು ಬೇರೆ ಬೇರೆ ಅಂದ್ಮೇಲೆ ಬೀಗಾನೂ ಬೇರೆ ಬೇರೆ.

ಇದು ಮನುಷ್ಯರ ತನಕ ಬಂದಿರೋ ಒಂದು ಅಪರೂಪದ ಎಳೆ. 2015ರಲ್ಲಿ ಒಂದು ಟ್ರಯಲ್ ಬಂತು, ಬುಪ್ರೆನಾರ್ಫಿನ್ (ಹೆರಾಯಿನ್ ಚಟದ ಚಿಕಿತ್ಸೆಗೆ ಕೊಡೋ ಔಷಧಿ) ತಗೊಳ್ತಿದ್ದ ಜನಕ್ಕೆ ಜೊತೆಗೆ ಕ್ಲೋನಿಡಿನ್ ಕೊಟ್ರು. ಕ್ಲೋನಿಡಿನ್ ತಗೊಂಡೋರು ಒಂದೇ ಸಮನೆ ಮುಟ್ಟದೇ ಇದ್ದ ದಿನಗಳು ಜಾಸ್ತಿ ಇದ್ವು, ದಿನದಲ್ಲಿ ಸಣ್ಣಪುಟ್ಟ ಸ್ಟ್ರೆಸ್ ಆದಾಗ ಹಂಬಲ ಮುಂಚಿನ ಹಾಗೆ ಅದರ ಬೆನ್ನಿಗೇ ಏಳ್ತಿರ್ಲಿಲ್ಲ. ಸ್ಟ್ರೆಸ್ ಇಲ್ದಂಗೆ ಆಗ್ಲಿಲ್ಲ, ಸ್ಟ್ರೆಸ್ಸಿಗೂ ಹಂಬಲಕ್ಕೂ ಇದ್ದ ಗಂಟು ಸಡಿಲ ಆಯ್ತು.

ಇಲ್ಲಿ ನಾನು ಇನ್ನೊಂದು ಹೇಳ್ಲೇಬೇಕು, ಮಳೆಹನಿ ಅವರೇ, ಇದು ನಿಮಗೆ ಎಲ್ಲಕ್ಕಿಂತ ಮುಖ್ಯ. ದಿನಾ ತಗೊಳ್ತಿದ್ದ ಕಾಲದಲ್ಲಿ ದೇಹಕ್ಕೆ ಟಾಲರೆನ್ಸ್ ಇತ್ತು, ಉಸಿರಾಟದ ಕೇಂದ್ರ ಆ ಡೋಸಿಗೆ ಒಗ್ಗಿಕೊಂಡಿತ್ತು. ಬಿಟ್ಟ ಮೇಲೆ ಟಾಲರೆನ್ಸ್ ಬೇಗ ಇಳಿಯತ್ತೆ. ಹಂಬಲ ಹಾಗೆ ಇಳಿಯಲ್ಲ, ಶುರೂಲಿ ಏರತ್ತೆ. ಹಳೇ ಅಳತೆ ಕೈಗೆ ನೆನಪಿರತ್ತೆ, ಆ ಅಳತೆಯನ್ನ ತಡೆಯೋ ಮೈ ಈಗ ಇರಲ್ಲ. 2007ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿಂದ ಹೊರಗೆ ಬಂದೋರ ಲೆಕ್ಕ ತೆಗೆದಿದ್ರು, ಮೊದಲ ಎರಡು ವಾರದಲ್ಲಿ ಓವರ್‌ಡೋಸಿಂದ ಸಾಯೋ ಅಪಾಯ ಮಾಮೂಲಿ ಜನರಿಗಿಂತ 129 ಪಟ್ಟು. ನಾನು ಕಳ್ಕೊಂಡಿರೋ ಪೇಷಂಟ್‌ಗಳಲ್ಲಿ ಹೆಚ್ಚಿನೋರು ಚೆನ್ನಾಗಿ ಆಗಿ ಮನೆಗೆ ಹೋದೋರೇ.

ಹತ್ತನೇ_ಮೆಟ್ಟಿಲು:
ನರ್ಸ್ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ, ನನ್ನ ಜೊತೆ ಬಿಟ್ಟ ಇಬ್ರು ಹಾಗೇ ಹೋದ್ರು. ಬಳಸ್ತಿದ್ದ ಕಾಲದಲ್ಲಿ ಏನೂ ಆಗದೇ ಇದ್ದೋರು ಬಿಟ್ಟು ಮೂರ್ನಾಲ್ಕು ತಿಂಗಳಾದ್ಮೇಲೆ ಒಂದೇ ರಾತ್ರಿಗೆ.

ಒಂದು ಪ್ರಶ್ನೆ, ಹಂಬಲ ಶುರೂಲಿ ಏರತ್ತೆ ಅಂದ್ರಲ್ಲ, ಅದನ್ನೂ ಅಳೆದಿದಾರಾ? ಯಾಕಂದ್ರೆ ನನಗೆ ಮೊದಲ ವಾರಕ್ಕಿಂತ ಒಂದು ತಿಂಗಳಾದ್ಮೇಲೇ ಜಾಸ್ತಿ ಕಷ್ಟ ಆಗಿದ್ದು, ಯಾರಿಗೆ ಹೇಳಿದ್ರೂ ನಂಬ್ಲಿಲ್ಲ, ನಾಟಕ ಅಂದ್ರು.

ಹಳೇ_ಲ್ಯಾಬ್‌ಕೋಟು:
ಅಳೆದಿದಾರೆ. ಇದಕ್ಕೆ ಇನ್‌ಕ್ಯುಬೇಷನ್ ಅಂತ ಹೆಸರು, ಮೊಟ್ಟೆಗೆ ಕಾವು ಕೂತಂಗೆ ಹಂಬಲಕ್ಕೂ ಕಾವು ಕೂರತ್ತೆ ಅನ್ನೋ ಅರ್ಥ. 2001ರಲ್ಲಿ ಹೆರಾಯಿನ್ ಬಿಡ್ಸಿದ ಇಲಿಗಳನ್ನ, ಬಿಡ್ಸಿದ ಮೊದಲ ದಿನ, 6ನೇ ದಿನ, 12, 25, 66ನೇ ದಿನ ಅಂತ ಬೇರೆ ಬೇರೆ ಗುಂಪು ಮಾಡಿ ಹಳೇ ಪೆಟ್ಟಿಗೆಗೆ ಬಿಟ್ಟು ನೋಡಿದ್ರು. ಮೊದಲ ದಿನಕ್ಕಿಂತ 6, 12, 25ನೇ ದಿನದ ಇಲಿಗಳು ಜಾಸ್ತಿ ಒತ್ತಿದ್ವು. 66ನೇ ದಿನದ ಹೊತ್ತಿಗೆ ಇಳಿದಿತ್ತು. ಇಲಿ ದಿನಗಳನ್ನ ಮನುಷ್ಯರ ತಿಂಗಳಿಗೆ ನೇರ ಲೆಕ್ಕ ಹಾಕೋಕಾಗಲ್ಲ, ಆದ್ರೆ ಆಕಾರ ನೋಡಿ, ಏರಿ ಆಮೇಲೆ ಇಳಿಯೋದು. ನಿಮ್ಮದು ನಾಟಕ ಆಗಿರ್ಲಿಲ್ಲ.

ಹಂಬಲ ಏರ್ತಿರೋ ವಾರಗಳೇ ಟಾಲರೆನ್ಸ್ ಇಳೀತಿರೋ ವಾರಗಳು. ನೈಟ್ ಡ್ಯೂಟಿ ಅವರು ಹೇಳಿದ ಸಾವುಗಳು ಆಗೋದು ಆ ಎರಡು ಗೆರೆ ಒಂದನ್ನೊಂದು ದಾಟೋ ಕಡೆ. ಅದಕ್ಕೇ ನನಗೆ, ಬಿಡ್ಸಿ ಕಳಿಸ್ಬಿಟ್ರೆ ಆಯ್ತು ಅನ್ನೋ ಚಿಕಿತ್ಸೆ ಕಂಡ್ರೆ ಭಯ. ಔಷಧಿ ಮುಂದುವರಿಸದೇ ಮೂರು ವಾರ ಇಟ್ಕೊಂಡು ಕಳಿಸಿದ್ರೆ, ಆ ಗೆರೆಗಳು ದಾಟೋ ಸರಿಯಾದ ಹೊತ್ತಿಗೇ ಒಬ್ಬ ಮನುಷ್ಯನನ್ನ ಹಳೇ ಪೆಟ್ಟಿಗೆಗೆ ವಾಪಸ್ ಬಿಟ್ಟಂಗೆ.

ಜಾಗದ ಬಗ್ಗೆ ಇನ್ನೊಂದು. 1982ರಲ್ಲಿ ಶೆಪರ್ಡ್ ಸೀಗಲ್ ಅನ್ನೋರು ಇಲಿಗಳಿಗೆ ಒಂದೇ ರೂಮಲ್ಲಿ ದಿನಬಿಟ್ಟು ದಿನ ಹೆರಾಯಿನ್ ಕೊಟ್ಟು ಡೋಸ್ ಏರಿಸ್ತಾ ಹೋದ್ರು, ಕೊನೆಗೆ ಒಂದು ದೊಡ್ಡ ಡೋಸ್. ಅದೇ ರೂಮಲ್ಲಿ ಕೊಟ್ಟಾಗ 32% ಸತ್ವು, ಹೆರಾಯಿನ್ ಸಿಗ್ತಿರದ ಬೇರೆ ರೂಮಲ್ಲಿ ಕೊಟ್ಟಾಗ 64%, ಮುಂಚೆ ಹೆರಾಯಿನ್ನೇ ನೋಡಿರದ ಇಲಿಗಳಲ್ಲಿ 96%. ಡೋಸು ಒಂದೇ, ರೂಮು ಬೇರೆ ಅಷ್ಟೇ. ದೇಹ ಹಳೇ ಜಾಗ ನೋಡಿದ ಕೂಡ್ಲೇ ಡ್ರಗ್ ಬರ್ತಿದೆ ಅಂತ ಮೊದ್ಲೇ ಎದುರೇಟಿಗೆ ರೆಡಿ ಆಗತ್ತೆ, ಬೇರೆ ಜಾಗದಲ್ಲಿ ಆ ತಯಾರಿ ಇರಲ್ಲ.

ಎದುರುಗಾಳಿ:
ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವೆಲ್ಲ ಇಲಿ ಇಲಿ ಅಂತಿದೀರಲ್ಲ, ಖಾಲಿ ಪೆಟ್ಟಿಗೇಲಿ ಒಂಟಿಯಾಗಿ ಕೂಡಿ ಹಾಕಿ ಎದುರಿಗೆ ಬರೀ ಹೆರಾಯಿನ್ ಪಟ್ಟಿ ಇಟ್ರೆ ಯಾವ ಪ್ರಾಣಿ ಒತ್ತಲ್ಲ ಹೇಳಿ? ಮನುಷ್ಯನಿಗೆ ಸಂಬಳ, ಸಾಲ, ಮದುವೆ, ಅವಮಾನ, ಇವೆಲ್ಲ ಇದಾವೆ. ಇಲಿಗಳಲ್ಲಿ ಕೆಲಸ ಮಾಡಿದ ಎಷ್ಟು ಔಷಧಿ ಜನರಲ್ಲಿ ಬಿದ್ದು ಹೋಗಿದೆ ಅನ್ನೋದನ್ನೂ ಹೇಳಿ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್ ಹಿಡಿದ ಅಮೆರಿಕದ ಸೈನಿಕರಲ್ಲಿ ಹೆಚ್ಚಿನೋರು ಮನೆಗೆ ಹೋದ್ಮೇಲೆ ಬಿಟ್ರಲ್ಲ, ಅವರ ಮಿದುಳಿನ ಪಂಪು ಕೆಟ್ಟಿರ್ಲಿಲ್ವಾ?

ಹಳೇ_ಲ್ಯಾಬ್‌ಕೋಟು:
ಬೇಜಾರಿಲ್ಲ ಎದುರುಗಾಳಿ, ಇದು ಕೇಳಲೇಬೇಕಾದ ಪ್ರಶ್ನೆ, ಲ್ಯಾಬಲ್ಲಿ ನಾವೂ ಕೇಳ್ಕೊಳ್ತಿದ್ವಿ.

ಔಷಧಿಗಳು ಬಿದ್ದು ಹೋಗಿದ್ದು ನಿಜ. ಸಿಆರ್‌ಎಫ್ ರಿಸೆಪ್ಟರ್ ಮುಚ್ಚೋ ಔಷಧಿಗಳ ಮೇಲೆ ಪ್ರಾಣಿ ಪ್ರಯೋಗ ನೋಡಿ ದೊಡ್ಡ ಆಸೆ ಇತ್ತು, ಮದ್ಯದ ಚಟ ಇರೋ ಜನರಲ್ಲಿ ಟ್ರಯಲ್ ಮಾಡಿದಾಗ ಹಂಬಲ ಕಡ್ಮೆ ಆಗ್ಲಿಲ್ಲ. ಅದನ್ನ ಮುಚ್ಚಿಡೋ ಹಾಗಿಲ್ಲ.

ಸೈನಿಕರ ವಿಷಯ, ಲೀ ರಾಬಿನ್ಸ್ ಅವರ ಸ್ಟಡಿ ಅದು, 70ರ ದಶಕದ್ದು. ಅಲ್ಲಿ ಚಟ ಹಿಡಿದಿದ್ದೋರಲ್ಲಿ ಮೂರು ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದೋರು ಸುಮಾರು 12% ಅಷ್ಟೇ. ನನಗೆ ಇದು ಇಲಿ ಸ್ಟಡಿಗಳಿಗೆ ವಿರುದ್ಧ ಅನ್ಸಲ್ಲ. ಆ ಸೈನಿಕರು ಪೆಟ್ಟಿಗೆಯನ್ನೇ ಸಮುದ್ರದ ಆಚೆ ಬಿಟ್ಟು ಬಂದ್ರು. ಹೆರಾಯಿನ್ ತಗೊಂಡ ಜಾಗ, ಜೊತೆಗಾರರು, ಭಯ, ಯಾವುದೂ ಮನೇಲಿ ಇರ್ಲಿಲ್ಲ. ಜಾಗದ ಪ್ರಯೋಗ ಇಲಿಗಳಲ್ಲೂ ಇದೆ, ಒಂದು ಪೆಟ್ಟಿಗೇಲಿ ಹೆರಾಯಿನ್ ಕಲಿಸಿ, ಇನ್ನೊಂದು ತರದ ಪೆಟ್ಟಿಗೇಲಿ ಬಿಡ್ಸಿ, ಆಮೇಲೆ ಮೊದಲನೇದಕ್ಕೆ ವಾಪಸ್ ಬಿಟ್ರೆ ಹುಡುಕಾಟ ಶುರು. 2011ರಲ್ಲಿ ಬಾಸರ್ಟ್ ಮತ್ತು ಜೊತೆಗಾರರು ಆಗ ಎಚ್ಚರ ಆಗೋ ನರಕೋಶಗಳನ್ನ ಗುರುತು ಹಿಡಿದ್ರು, ಪ್ರಿಫ್ರಂಟಲ್ ಭಾಗದ ಕೆಳಗಡೆ, ಅಲ್ಲಿರೋ ಕೋಶಗಳಲ್ಲಿ ಸಣ್ಣ ಪಾಲು ಮಾತ್ರ. ಆ ಚದುರಿದ ಸಣ್ಣ ಗುಂಪನ್ನಷ್ಟೇ ಆಫ್ ಮಾಡಿದ್ರೆ ಹಳೇ ಪೆಟ್ಟಿಗೆಗೆ ಬಿಟ್ಟಾಗಲೂ ಹುಡುಕಾಟ ಕಡ್ಮೆ ಆಯ್ತು. ಅಕ್ಕಪಕ್ಕದ ಸಾವಿರಾರು ಕೋಶ ಮುಟ್ಟದೇ. ಜಾಗದ ನೆನಪು ಇಂಥ ಕೆಲವೇ ಕೋಶಗಳ ಜಾಲದಲ್ಲಿ ಕೂತಿರತ್ತೆ ಅಂತ ಕಣ್ಣಿಗೆ ಕಂಡಿದ್ದು ನನಗೆ ಈಗಲೂ ಮೈ ಜುಂ ಅನ್ಸತ್ತೆ.

ಒಂಟಿ ಪೆಟ್ಟಿಗೆ ಬಗ್ಗೆ ನೀವು ಹೇಳಿದ್ದು ಅತಿ ಸರಿಯಾದ ಟೀಕೆ, ಆ ಕ್ಷೇತ್ರದವರೇ ಅದನ್ನ ಒಪ್ಕೊಂಡು ಪ್ರಯೋಗ ಬದಲಾಯಿಸಿದ್ರು. 2018ರಲ್ಲಿ ಮಾರ್ಕೊ ವೆನ್ನಿರೊ ಮತ್ತು ಶಹಾಮ್ ಗುಂಪು ಇಲಿಗೆ ಎರಡು ಪಟ್ಟಿ ಕೊಟ್ರು. ಒಂದು ಒತ್ತಿದ್ರೆ ಡ್ರಗ್, ಇನ್ನೊಂದು ಒತ್ತಿದ್ರೆ ಬಾಗಿಲು ತೆಗೆದು ಪಕ್ಕದ ಗೂಡಿನ ಇನ್ನೊಂದು ಇಲಿ ಜೊತೆ ಇರೋ ಅವಕಾಶ. ವಾರಗಟ್ಲೆ ಡ್ರಗ್ ತಗೊಂಡ ಇಲಿಗಳೂ, ಚಟ ಜೋರಾಗಿದೆ ಅಂತ ಅಳತೇಲಿ ಬಂದ ಇಲಿಗಳೂ, ಹೆಚ್ಚೂ ಕಡ್ಮೆ ಪ್ರತಿ ಸಲ ಇನ್ನೊಂದು ಇಲಿಯನ್ನೇ ಆರಿಸ್ಕೊಂಡ್ವು. ಮೆಥಾಂಫೆಟಮಿನ್‌ಗೂ ಹಾಗೇ, ಹೆರಾಯಿನ್‌ಗೂ ಹಾಗೇ. ಬಾಗಿಲು ತೆಗೆಯೋದು ತಡ ಮಾಡಿದ್ರೆ, ಇಲ್ಲಾ ಗೆಳೆಯನ ಪಟ್ಟಿ ಒತ್ತಿದಾಗ ಶಾಕ್ ಕೊಟ್ರೆ ಮಾತ್ರ ಡ್ರಗ್ ಕಡೆ ವಾಲಿದ್ವು. ಶಾಕ್ ಅಂದಾಗ ನನಗೆ ನೆನಪಾಗೋದು ಮಳೆಹನಿ ಅವರ ಮನೇಲಿ ಕೇಳಿ ಬರ್ತಿರೋ ಮಾತು.

ಎದುರುಗಾಳಿ:
ಈ ಕೊನೇ ಪ್ರಯೋಗ ನನಗೆ ಗೊತ್ತಿರ್ಲಿಲ್ಲ. ನಾನು ಕೇಳಿದ್ದಕ್ಕೆ ಉತ್ತರ ಸಿಕ್ತು. ನನ್ನ ಚಿಕ್ಕಪ್ಪ ಒಬ್ರು ಹೀಗೇ ಹೋದ್ರು, ಕೊನೇ ಎರಡು ವರ್ಷ ಮನೇಲಿ ಯಾರೂ ಅವರ ಜೊತೆ ಕೂತು ಊಟ ಮಾಡ್ತಿರ್ಲಿಲ್ಲ. ನಾನೂ ಮಾಡ್ತಿರ್ಲಿಲ್ಲ.

ನೈಟ್_ಡ್ಯೂಟಿ:
ಎದುರುಗಾಳಿ, ಬರೆದಿದ್ದಕ್ಕೆ ಥ್ಯಾಂಕ್ಸ್. ಇಂಥ ಮಾತು ಹೇಳೋಕೆ ಎಷ್ಟು ಕಷ್ಟ ಅಂತ ಗೊತ್ತು.

ಮಳೆಹನಿ ಅವರೇ, ಈಗ ಮಾಡ್ಬೇಕಾದ್ದು ಹೇಳ್ತೀನಿ. ಒಂದು, ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಮತ್ತೆ ಶುರು ಮಾಡೋದರ ಬಗ್ಗೆ ಡಾಕ್ಟರ್ ಹತ್ರ ಈ ವಾರಾನೇ ಮಾತಾಡಿ. ಒಂದು ಚಟ ಬಿಟ್ಟು ಇನ್ನೊಂದು ಹಿಡಿದಂಗೆ ಅಂತ ಹೇಳೋರು ಇರ್ತಾರೆ, ಕಿವಿಗೆ ಹಾಕ್ಕೋಬೇಡಿ. ಬುಪ್ರೆನಾರ್ಫಿನ್ ಮ್ಯೂ ರಿಸೆಪ್ಟರ್ ಮೇಲೆ ಗಟ್ಟಿಯಾಗಿ ಕೂತ್ಕೊಳತ್ತೆ ಆದ್ರೆ ಅರ್ಧಂಬರ್ಧ ಮಾತ್ರ ಆನ್ ಮಾಡತ್ತೆ, ಹೆರಾಯಿನ್ ಬಂದ್ರೂ ಕೂರೋಕೆ ಜಾಗ ಕಡ್ಮೆ. ದೇಹಕ್ಕೆ ಒಗ್ಗಿದ ಮಟ್ಟಾನೂ ಉಳಿಯತ್ತೆ. ಶುರು ಮಾಡೋ ಹೊತ್ತು ಮಾತ್ರ ಡಾಕ್ಟರೇ ಹೇಳ್ಬೇಕು, ಹೆರಾಯಿನ್ ಇನ್ನೂ ಮೈಯಲ್ಲಿರೋವಾಗ ಕೊಟ್ರೆ ಜೋರಾಗಿ ವಿತ್‌ಡ್ರಾವಲ್ ಬರತ್ತೆ. ಎರಡು, ನಾಲಾಕ್ಸೋನ್ ಮನೇಲಿಡೋದು, ಹೇಗೆ ಕೊಡೋದು ಅನ್ನೋದನ್ನ ಡಾಕ್ಟರನ್ನ ಕೇಳಿ ಕಲ್ತ್ಕೊಳಿ. ಅದು ಮ್ಯೂ ರಿಸೆಪ್ಟರಿಂದ ಹೆರಾಯಿನ್ನನ್ನ ತಳ್ಳಿ ಉಸಿರಾಟ ವಾಪಸ್ ತರತ್ತೆ, ಆದ್ರೆ ಬೇಗ ಇಳಿಯತ್ತೆ, ಕೊಟ್ಟ ಮೇಲೂ ಆಂಬ್ಯುಲೆನ್ಸ್ ಕರೀಲೇಬೇಕು. ಮೂರು, ಅವನು ಒಬ್ನೇ ರೂಮಲ್ಲಿ ಬಾಗಿಲು ಹಾಕ್ಕೊಂಡು ಇರದ ಹಾಗೆ ನೋಡಿ.

ಮಳೆಹನಿ:
ನಾಲ್ಕು ದಿನ ಆದ್ಮೇಲೆ ಬರೀತಿದ್ದೀನಿ. ಡಾಕ್ಟರ್ ಹತ್ರ ಹೋಗಿದ್ವಿ, ಬುಪ್ರೆನಾರ್ಫಿನ್ ಮತ್ತೆ ಶುರು ಆಗಿದೆ. ಹೋದ ಸಲ ಅದನ್ನ ಮೂರು ತಿಂಗಳಿಗೇ ನಿಲ್ಲಿಸಿದ್ರು, ಆಗ ನಮಗೆ ಯಾಕೆ ಅಂತ ಕೇಳೋಕೂ ಗೊತ್ತಿರ್ಲಿಲ್ಲ. ಈ ಸಲ ಕೇಳಿದೆ, ಎಷ್ಟು ದಿನ ಬೇಕೋ ಅಷ್ಟು ದಿನ ಕೊಡ್ತೀವಿ ಅಂದ್ರು. ನಾಲಾಕ್ಸೋನ್ ಮನೇಲಿದೆ, ಅಮ್ಮನಿಗೂ ತೋರ್ಸಿದೀನಿ. ಎರಡು ಗೆರೆ ದಾಟೋ ವಿಷಯ ಅಪ್ಪನಿಗೆ ಪೇಪರ್ ಮೇಲೆ ಬರೆದು ತೋರ್ಸ್ದೆ, ಒಂದು ಏರೋದು ಒಂದು ಇಳಿಯೋದು. ಅಪ್ಪ ಆ ಪೇಪರ್ ಮಡಚಿ ಜೇಬಲ್ಲಿ ಇಟ್ಕೊಂಡ್ರು. ಅವತ್ತಿಂದ ಮನಸ್ಸು ಗಟ್ಟಿ ಅನ್ನೋ ಮಾತು ಮನೇಲಿ ಬಂದಿಲ್ಲ.

ತಮ್ಮ ಪೂರ್ತಿ ಥ್ರೆಡ್ ಓದಿದಾನೆ. ಅವನದ್ದೊಂದು ಪ್ರಶ್ನೆ ಇದೆಯಂತೆ, ನಾನೇ ಟೈಪ್ ಮಾಡ್ತಿದ್ದೀನಿ. ಆ ಇಲಿ ಗೆಳೆಯನ ಪಟ್ಟಿ ಒತ್ತಿದಾಗ ಬಾಗಿಲು ಎಷ್ಟು ಹೊತ್ತು ತೆಗೆದಿರ್ತಿತ್ತು ಅಂತ ಕೇಳ್ತಿದಾನೆ.

ಹಳೇ_ಲ್ಯಾಬ್‌ಕೋಟು:
ಒಂದು ನಿಮಿಷ ಅಂತ ಹೇಳಿ. ಪ್ರತಿ ಸಲ 60 ಸೆಕೆಂಡ್, ಅಷ್ಟೇ.

ಮಳೆಹನಿ:
ಹೇಳಿದೆ. ಇಲ್ಲೇ ಪಕ್ಕದಲ್ಲಿ ಕೂತಿದಾನೆ.